ಪುಣ್ಯತಿಥಿಗಳ ಮಳೆಗಾಲ ಮತ್ತು ತಂಬೂರಿಯ ತಂತಿ

ನಮ್ಮ ಸೀಮೆಯ ಸಂಗೀತದ ತಾರೀಖುಗಳನ್ನು ಒಂದೆಡೆ ಬರೆದಿಟ್ಟುಕೊಂಡು ನೋಡಿ. ಜೂನ್ 11, ಗದುಗಿನ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದ ದಿನ. ಜುಲೈ 21ರಂದು ಎರಡು ಸಲ ಸಿಡಿಲು ಬಡಿಯಿತು: 1991ರಲ್ಲಿ ಬಸವರಾಜ ರಾಜಗುರು ಹೋದರು, 2009ರಲ್ಲಿ ಗಂಗೂಬಾಯಿ ಹಾನಗಲ್. ಸೆಪ್ಟೆಂಬರ್ 12ರ ಕಥೆಯೂ ಅದೇ: 1952ರಲ್ಲಿ ಕುಂದಗೋಳದ ಸವಾಯಿ ಗಂಧರ್ವರು, ಸರಿಯಾಗಿ 40 ವರ್ಷದ ಮೇಲೆ, 1992ರಲ್ಲಿ, ಮಲ್ಲಿಕಾರ್ಜುನ ಮನಸೂರರು. ಅದಾಗಿ ಐದು ದಿನಕ್ಕೆ, ಸೆಪ್ಟೆಂಬರ್ 17ಕ್ಕೆ, ಪುಟ್ಟರಾಜ ಗವಾಯಿಗಳ ಪುಣ್ಯಸ್ಮರಣೆ. ಅವರು 2010ರಲ್ಲಿ ಹೋದರು.

ಮಿರಗದ ಮಳೆ ಹಿಡಿದಾಗ ಶುರುವಾದ ಈ ಸಾಲು ಉತ್ತರಿ ಮಳೆಯವರೆಗೂ ಬರುತ್ತದೆ. ಈ ದೊಡ್ಡವರ ಪುಣ್ಯತಿಥಿಗಳೆಲ್ಲ ಮಳೆಗಾಲದಲ್ಲೇ ಬಿದ್ದಿವೆ. ಉಕ್ಕಿನ ತಂತಿಗೆ ವರ್ಷದಲ್ಲೇ ಕೆಟ್ಟ ಕಾಲವೂ ಅದೇ. ಬೇಸಿಗೆಯಲ್ಲಿ ಮೂಲೆಯಲ್ಲಿ ನಿಂತ ತಂಬೂರಿಯನ್ನು ಪುಣ್ಯತಿಥಿಯ ಹಿಂದಿನ ಸಂಜೆ ಗವಸು ಬಿಚ್ಚಿ ನೋಡಿದರೆ ಜೋಡಿ ತಾರದ (ನಡುವಿನ ಎರಡು ಷಡ್ಜದ ತಂತಿ) ಮೇಲೆ ಕಂದು ಚುಕ್ಕೆ, ಖರ್ಜದ (ಕೆಳ ಷಡ್ಜದ ದಪ್ಪ ತಂತಿ) ಮೇಲೆ ಹಸಿರು ಕಿಲುಬು. ಆಗ ಓಡಾಡಿ ಯಾವುದೋ ತಂತಿ ತಂದು, ರಾತ್ರಿ ಕಟ್ಟಿ, ಮರುದಿನ ವೇದಿಕೆಗೆ ಒಯ್ದರೆ ಅದು ಅರ್ಧ ಗಂಟೆಯೂ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಹಾಡುವವರು ಕಣ್ಣು ಮುಚ್ಚಿದಾಗ ಹಿಂದಿನಿಂದ ತಂಬೂರಿ ಇಳಿಯುತ್ತ ಹೋಗುವುದಕ್ಕಿಂತ ದೊಡ್ಡ ಅಪಚಾರ ಆ ದಿನ ಇನ್ನೊಂದಿಲ್ಲ. ಕಿರಾಣಾ ಘರಾಣೆಯವರ, ಅಂದರೆ ಸವಾಯಿ ಗಂಧರ್ವ, ಗಂಗೂಬಾಯಿಯವರ ಗಾಯನ ಪರಂಪರೆಯವರ, ನೆನಪಿನ ಕಾರ್ಯಕ್ರಮದಲ್ಲಂತೂ ಇಲ್ಲವೇ ಇಲ್ಲ. ಸ್ವರ ಹಚ್ಚುವುದನ್ನೇ ಉಸಿರಾಗಿಸಿಕೊಂಡವರು ಅವರು.

ಆದ್ದರಿಂದ ತಂತಿ ಖರೀದಿಯನ್ನು ಈ ತಾರೀಖುಗಳಿಗೆ ಕಟ್ಟಿಹಾಕಿಕೊಳ್ಳುವುದು ಒಳ್ಳೆಯದು. ಮೇ ತಿಂಗಳ ಕೊನೆಯ ವಾರ ಇಡೀ ವರ್ಷದ ತಂತಿ ಕೊಂಡಿಡಿ. ಜೂನ್ ಹುಟ್ಟುತ್ತಲೇ ಒಮ್ಮೆ ಎಲ್ಲ ತಂತಿ ಬದಲಿಸಿ. ಆಗಸ್ಟ್ ಕೊನೆಗೆ ಉಕ್ಕಿನವನ್ನಷ್ಟೇ ಮತ್ತೊಮ್ಮೆ. ಮಳೆ ಪೂರ್ತಿ ನಿಂತ ಮೇಲೆ, ನವೆಂಬರದಲ್ಲಿ, ಹಿತ್ತಾಳೆಯನ್ನೂ ಸೇರಿಸಿ ಪೂರಾ ಜೋಡಣೆ. ಆ ಕೊನೆಯ ಜೋಡಣೆ ಡಿಸೆಂಬರ್ 31ರ ಮನಸೂರರ ಜಯಂತಿ, ಜನವರಿ 24ರ ಭೀಮಸೇನ ಜೋಶಿಯವರ ಪುಣ್ಯತಿಥಿ, ಮಾರ್ಚ್ 3ರ ಪುಟ್ಟರಾಜರ ಜಯಂತಿ, ಮಾರ್ಚ್ 5ರ ಗಂಗೂಬಾಯಿಯವರ ಜಯಂತಿ ದಾಟಿ ಬೇಸಿಗೆಯವರೆಗೆ ಬಾಳುತ್ತದೆ. ಒಂದು ಎಚ್ಚರ: ಕೆಲವೆಡೆ ಪುಣ್ಯಸ್ಮರಣೆಯನ್ನು ತಾರೀಖಿನಂತೆ ಅಲ್ಲ, ತಿಥಿಯಂತೆ ಮಾಡುತ್ತಾರೆ. ಚಾಂದ್ರಮಾನ ವರ್ಷ 354 ದಿನದ್ದು. ಹಾಗಾಗಿ ಆ ದಿನ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿದು, ಅಧಿಕಮಾಸ ಬಂದ ವರ್ಷ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಕಾರ್ಯಕ್ರಮದವರನ್ನು ಕೇಳಿಯೇ ಲೆಕ್ಕ ಹಾಕಿ. ಯಾವ ದಿನವೇ ಆಗಲಿ, ಅದಕ್ಕೆ ಎಂಟು ಹತ್ತು ದಿನ ಮೊದಲೇ ಹೊಸ ತಂತಿ ಏರಿರಬೇಕು.

ಇನ್ನು ಯಾವ ತಂತಿ? ಇಲ್ಲೇ ಹೆಚ್ಚು ಮಂದಿ ಎಡವುವುದು. ಅಂಗಡಿಗೆ ಹೋಗಿ "ಅಣ್ಣಾರ, ತಂಬೂರಿ ತಾರ ಕೊಡ್ರಿ" ಅಂದರೆ ಅವರು ಕೈಗೆ ಸಿಕ್ಕ ಪಾಕೀಟು ಕೊಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಕೇಳಿದ್ದೇ ಅರ್ಧ. ತಂಬೂರಿಗೆ ತಂತಿ ಆರಿಸುವಾಗ ಎರಡು ಸಂಗತಿ ಗೊತ್ತಿರಬೇಕು: ಮೇಲ್ತುದಿಯಲ್ಲಿ ತಂತಿ ಒರಗುವ ಮೇರುವಿನಿಂದ ಕೆಳಗೆ ತಂತಿ ಹಾಯುವ ಕುದುರೆಯವರೆಗಿನ ಉದ್ದ, ಮತ್ತು ಯಾವ ಪಟ್ಟಿಗೆ, ಅಂದರೆ ಹಾರ್ಮೋನಿಯಂನ ಯಾವ ಮನೆಗೆ, ಷಡ್ಜ ಹಿಡಿಯುತ್ತೀರಿ ಎಂಬುದು. ಗಂಡಸರ ತಂಬೂರಿ, ಹೆಂಗಸರ ತಂಬೂರಿ ಎಂದು ಅಂಗಡಿಯಲ್ಲಿ ಅನ್ನುವುದು ರೂಢಿಯ ಮಾತು ಅಷ್ಟೇ. ತಂತಿಯನ್ನು ನಿಶ್ಚಯಿಸುವುದು ಪಟ್ಟಿ. ಹಾಡುವವರು ಹೆಣ್ಣೋ ಗಂಡೋ ಎಂಬುದಲ್ಲ. ಗಂಗೂಬಾಯಿಯವರ ಆ ಗಂಭೀರ ದನಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೊಡ್ಡ ತಂಬೂರಿ, ಅಂದರೆ ನುಡಿಯುವ ಉದ್ದ ಸುಮಾರು 100 ಸೆಂ.ಮೀ., ಷಡ್ಜ ಕಪ್ಪು 1ರ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಆಸುಪಾಸು: ನಡುವಿನ ಜೋಡಿಗೆ 0.30 ಮಿ.ಮೀ. ಉಕ್ಕು, ಪಂಚಮಕ್ಕೆ 0.40 ಉಕ್ಕು, ಖರ್ಜಕ್ಕೆ 0.60 ಹಿತ್ತಾಳೆ ಅಥವಾ ಕಂಚು. ಹೀಗೆ ಕಟ್ಟಿದರೆ ಉಕ್ಕಿನ ಒಂದೊಂದು ತಂತಿಯ ಮೇಲೂ ನಾಲ್ಕು ಕಿಲೋಕ್ಕಿಂತ ತುಸು ಹೆಚ್ಚಿನ ಎಳೆತ ಬೀಳುತ್ತದೆ, ಖರ್ಜದ್ದೂ ಅದರ ಹತ್ತಿರವೇ ಇರುತ್ತದೆ. ನಾಲ್ಕೂ ಒಂದೇ ಹದದಲ್ಲಿ ಇರುವುದರಿಂದ ಬೆರಳಿಗೆ ಯಾವುದೂ ಬಿಗಿಯಲ್ಲ, ಸಡಿಲವಲ್ಲ. ಸಣ್ಣ ತಂಬೂರಿ, ಉದ್ದ 80ರಿಂದ 85 ಸೆಂ.ಮೀ., ಷಡ್ಜ ಕಪ್ಪು 4 ಅಥವಾ ಕಪ್ಪು 5: ಜೋಡಿಗೆ 0.25ರಿಂದ 0.28 ಉಕ್ಕು, ಪಂಚಮಕ್ಕೆ 0.35 ಉಕ್ಕು, ಖರ್ಜಕ್ಕೆ 0.50 ಹಿತ್ತಾಳೆ. ಪಟ್ಟಿ ಅರ್ಧ ಸ್ವರ ಏರಿಸಿದರೆ ಎಳೆತ ಶೇ 12 ಏರುತ್ತದೆ. ಅಷ್ಟನ್ನು ವಾದ್ಯ ತಡೆದುಕೊಳ್ಳುತ್ತದೆ. ಒಂದು ಪೂರ್ತಿ ಸ್ವರಕ್ಕಿಂತ ಹೆಚ್ಚು ಏರಿಸುವುದಾದರೆ ತಂತಿಯ ದಪ್ಪವನ್ನೇ ಬದಲಿಸಬೇಕು.

ಮೇಲಿಂದ ಮೇಲೆ ತಂತಿ ಕಡಿಯುತ್ತದೆ ಎಂದು ದಪ್ಪ ತಂತಿ ಹಾಕುವವರಿದ್ದಾರೆ. ಅದರಿಂದ ಏನೂ ಸಿಗುವುದಿಲ್ಲ. ತಂತಿ ದಪ್ಪವಾದಷ್ಟೂ ಬಲ ಹೆಚ್ಚುವುದು ನಿಜ, ಆದರೆ ಅದೇ ಸ್ವರಕ್ಕೆ ಏರಲು ಅದಕ್ಕೆ ಬೇಕಾಗುವ ಎಳೆತವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಒಂದು ಉದ್ದಕ್ಕೆ ಯಾವ ಸ್ವರದಲ್ಲಿ ಕಡಿಯುತ್ತದೆ ಎಂಬುದನ್ನು ನಿರ್ಧರಿಸುವುದು ಲೋಹ, ದಪ್ಪವಲ್ಲ. ಒಂದು ಮೀಟರ್ ಉದ್ದದಲ್ಲಿ ಕಪ್ಪು 1ರ ಷಡ್ಜಕ್ಕೆ ಹಿತ್ತಾಳೆಯನ್ನು ಏರಿಸಿದರೆ ಅದು ಕಡಿಯುವ ಅಂಚಿನಲ್ಲೇ ನಿಂತಿರುತ್ತದೆ. ಉಕ್ಕಿಗೆ ಇನ್ನೂ ಬೇಕಾದಷ್ಟು ಅವಕಾಶ ಇರುತ್ತದೆ. ಜೋಡಿ ಯಾವಾಗಲೂ ಉಕ್ಕಿನದೇ ಆಗಿರುವುದಕ್ಕೆ ಕಾರಣ ಇದು.

ಪಂಚಮದ ತಂತಿಯ ಮಾತು ಇನ್ನೂ ಸೂಕ್ಷ್ಮ. ಮಾರವಾ, ಪುರಿಯಾ ಹಾಡುವಾಗ ಪಂಚಮ ಬಿಟ್ಟು ಆ ತಂತಿಯನ್ನು ನಿಷಾದಕ್ಕೆ ಏರಿಸುತ್ತಾರೆ. ಮಾಲಕಂಸಕ್ಕೆ ಮಧ್ಯಮಕ್ಕೆ ಇಳಿಸುತ್ತಾರೆ. ಪಂಚಮದಿಂದ ನಿಷಾದಕ್ಕೆ ಹೋದರೆ ಎಳೆತ ಶೇ 56 ಏರುತ್ತದೆ, ಮಧ್ಯಮಕ್ಕೆ ಬಂದರೆ ಶೇ 21 ಇಳಿಯುತ್ತದೆ. ಪಂಚಮಕ್ಕೆ ಹಿತ್ತಾಳೆ ಕಟ್ಟಿದ್ದರೆ ನಿಷಾದಕ್ಕೆ ಏರಿಸುವಾಗಲೇ ಪಟ್ಟನೆ ಹೋಗುವ ಸಂಭವ ಹೆಚ್ಚು. ಉಕ್ಕಿನದಾದರೆ ಕಡಿಯುವುದಿಲ್ಲ, ಆದರೆ ಬಿಗಿಯಾಗಿ ಉಳಿದ ಮೂರನ್ನೂ ಮೀರಿ ಚೀರುತ್ತದೆ. ಸಂಜೆಯ ಕಾರ್ಯಕ್ರಮದಲ್ಲಿ ಪುರಿಯಾ ಬರುವುದು ಮೊದಲೇ ಗೊತ್ತಿದ್ದರೆ ಒಂದು ತಂಬೂರಿಗೆ 0.35ರ ತಂತಿ ಕಟ್ಟಿ ನಿಷಾದಕ್ಕೇ ಮೀಸಲಿಡಿ. ಇನ್ನೊಂದು ಪಂಚಮದಲ್ಲಿರಲಿ. ಹಾಡುವವರ ಹಿಂದೆ ಹೇಗೂ ಎರಡು ತಂಬೂರಿ ಕೂಡುತ್ತವೆ. ರಾಗಕ್ಕೆ ತಕ್ಕುದನ್ನು ಮುಂದೆ ತಂದರಾಯಿತು.

ನಂಬರಿನ ಗೊಂದಲ ದೊಡ್ಡದು. ಅಂಗಡಿಯಲ್ಲಿ ಎರಡು ಬಗೆಯ ನಂಬರ್ ನಡೆಯುತ್ತವೆ. ಒಂದು, ಕಬ್ಬಿಣದ ಅಂಗಡಿಯವರೂ ಬಳಸುವ ಸ್ಟ್ಯಾಂಡರ್ಡ್ ವೈರ್ ಗೇಜ್. ಇದರಲ್ಲಿ ನಂಬರ್ ಏರಿದಂತೆ ತಂತಿ ಸಣ್ಣದಾಗುತ್ತದೆ: 23 ಅಂದರೆ 0.61 ಮಿ.ಮೀ., 27 ಅಂದರೆ 0.42, 30 ಅಂದರೆ 0.315, 31 ಅಂದರೆ 0.295, 34 ಅಂದರೆ 0.23. ಇನ್ನೊಂದು ಮ್ಯೂಸಿಕ್ ವೈರಿನ ನಂಬರ್. ಅದು ತಿರುಗುಮುರುಗು, ನಂಬರ್ ಏರಿದಂತೆ ತಂತಿ ದಪ್ಪ: 0 ಅಂದರೆ 0.23, 1 ಅಂದರೆ 0.25, 3 ಅಂದರೆ 0.305, 5 ಅಂದರೆ 0.355. ಒಬ್ಬರು "ಮೂರು ನಂಬರ್" ಅನ್ನುತ್ತಾರೆ, ಇನ್ನೊಬ್ಬರು "ಮೂವತ್ತು ನಂಬರ್" ಅನ್ನುತ್ತಾರೆ, ಇಬ್ಬರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ತಂತಿ. ಆದರೆ "ಒಂದು ಸಣ್ಣ ನಂಬರ್ ಕೊಡ್ರಿ" ಅಂದರೆ ಇಬ್ಬರೂ ಎದುರುಬದುರು ದಿಕ್ಕಿಗೆ ಹೋಗುತ್ತಾರೆ. ಮಿಲಿಮೀಟರಿನಲ್ಲೇ ಕೇಳಿ. 0.01 ಮಿ.ಮೀ. ತೋರಿಸುವ ಮೈಕ್ರೋಮೀಟರ್ ಒಂದನ್ನು ಸಂಗೀತ ಶಾಲೆಗಳು ಇಟ್ಟುಕೊಳ್ಳಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 0.30 ಎಂದು ಕೊಟ್ಟದ್ದು 0.32 ಇದ್ದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಎಳೆತ ಶೇ 14 ಹೆಚ್ಚಾಗುತ್ತದೆ. ಜೋಡಿಯಲ್ಲಿ ಒಂದು 0.30, ಇನ್ನೊಂದು 0.32 ಆದರೆ ಎರಡೂ ಒಂದೇ ಶ್ರುತಿಗೆ ಬಂದರೂ ನಾದ ಬೇರೆಯಾಗಿ ಕೇಳುತ್ತದೆ. ಜೋಡಿಯ ಎರಡೂ ತಂತಿಯನ್ನು ಒಂದೇ ಸುರುಳಿಯಿಂದ ಕತ್ತರಿಸಿಕೊಳ್ಳಿ.

ಕೊಳ್ಳುವಾಗ ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇರಲಿ. ಹಿತ್ತಾಳೆ, ಕಂಚು ಅದಕ್ಕೆ ಅಂಟುವುದಿಲ್ಲ. ಅಂಟಿದರೆ ಅದು ಹಿತ್ತಾಳೆ ಲೇಪದ ಉಕ್ಕು. ಖರ್ಜಕ್ಕೆ ಕಟ್ಟಿದರೆ ಆ ತುಂಬುದನಿ ಬರುವುದೇ ಇಲ್ಲ, ಬಿರುಸಾಗಿ ಕೇಳುತ್ತದೆ. ಹಳದಿ ಬಣ್ಣದ್ದು ಹಿತ್ತಾಳೆ, ತುಸು ಕೆಂಪು ಛಾಯೆಯದ್ದು ಕಂಚು. ಕಂಚು ಹೆಚ್ಚು ಗಟ್ಟಿ, ಬಾಳಿಕೆಯೂ ಹೆಚ್ಚು. ಹಿತ್ತಾಳೆಯ ದನಿ ಮೆದು. ಉಕ್ಕನ್ನು ಪರೀಕ್ಷಿಸಲು ಒಂದು ಗೇಣು ತುದಿಯನ್ನು ಕಮಾನಿನಂತೆ ಬಾಗಿಸಿ ಬಿಡಿ: ಸಂಗೀತದ ತಂತಿ ಚಟ್ಟನೆ ನೆಟ್ಟಗಾಗುತ್ತದೆ, ಕಟ್ಟುವ ತಂತಿ ಬಾಗಿದಲ್ಲೇ ಉಳಿಯುತ್ತದೆ. ಜರ್ಮನಿಯ ರೊಸ್ಲಾವ್ ಉಕ್ಕನ್ನು ಸಿತಾರ ಮಾಡುವವರು ಮೊದಲಿನಿಂದ ನೆಚ್ಚಿಕೊಂಡಿದ್ದಾರೆ; ಮಳೆಗಾಲದ ಎರಡು ಜೋಡಣೆಗೆ ಅದನ್ನೇ ಕೊಳ್ಳುವುದು ಲೇಸು. ಸುರುಳಿಯಲ್ಲಿ ಎಲ್ಲಿಯಾದರೂ ಮಡಿಕೆ ಬಿದ್ದಿದ್ದರೆ ಆ ತುಂಡು ಬಿಟ್ಟುಬಿಡಿ. ಮಡಿಕೆ ಬಿದ್ದ ತಂತಿಯನ್ನು ಎಷ್ಟು ತೀಡಿದರೂ ಸ್ವರ ಒಡೆದೇ ಬರುತ್ತದೆ.

ಗದಗ, ಹಾವೇರಿಯ ಚಿಕ್ಕ ಅಂಗಡಿಗಳಲ್ಲಿ ಗಿಟಾರಿನ ತಂತಿ ಸಿಗುವಷ್ಟು ಸುಲಭವಾಗಿ ತಂಬೂರಿಯದು ಸಿಗುವುದಿಲ್ಲ. ಗಿಟಾರಿನ 012 ಅಂದರೆ 0.305 ಮಿ.ಮೀ.; ದಪ್ಪ ಸರಿಯಾಗಿಯೇ ಇದೆ. ಆದರೆ ಉದ್ದ ಒಂದು ಮೀಟರಿನ ಆಚೀಚೆ. ತಂಬೂರಿಯಲ್ಲಿ ಕೆಳಗಿನ ಕಟ್ಟಿನಿಂದ ತಂತಿ ತಿರುವುವ ಬಿರಡೆಯವರೆಗೆ ಸುತ್ತು ಸೇರಿ ಒಂದೂಮುಕ್ಕಾಲು ಮೀಟರ್ ಬೇಕು. ಗಂಟು ಹಾಕಿ ಜೋಡಿಸುವ ಯೋಚನೆ ಬೇಡ. ಗಂಟು ಮೊದಲ ದಿನವೇ ಜಾರುತ್ತದೆ.

ಸುರುಳಿ ಕೊಳ್ಳುವುದು ಪಾಕೀಟಿಗಿಂತ ಎಷ್ಟೋ ಅಗ್ಗ. 0.30ರ ಉಕ್ಕು ಮೀಟರಿಗೆ ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. 50 ಗ್ರಾಮಿನ ಸುರುಳಿಯಲ್ಲಿ ಸುಮಾರು 90 ಮೀಟರ್, ಅಂದರೆ ಎರಡೆರಡು ಮೀಟರಿನ 45 ತಂತಿ. 0.60ರ ಹಿತ್ತಾಳೆ 50 ಗ್ರಾಮಿಗೆ 20 ಮೀಟರ್, ಹತ್ತು ಖರ್ಜ. ನಾಲ್ಕು ತಂಬೂರಿ ಇರುವ ಶಾಲೆಗೆ ವರ್ಷಕ್ಕೆ ಮೂರು ಸಲ ಜೋಡಿ ಬದಲಿಸಿದರೆ 24 ತಂತಿ, ಕಡಿಯುವುದಕ್ಕೆ ಎಂಟೋ ಹತ್ತೋ ಹಿಡಿದರೂ ಒಂದು ಸುರುಳಿ ಮುಗಿಯುವುದಿಲ್ಲ. ಉಳಿದದ್ದನ್ನು ಮುಂದಿನ ವರ್ಷಕ್ಕೆ ತುಕ್ಕು ಹಿಡಿಯದಂತೆ ಇಡಬೇಕು: ಹೊಲಿಗೆ ಯಂತ್ರದ ಎಣ್ಣೆ ತುಸುವೇ ಹಚ್ಚಿದ ಬಟ್ಟೆಯಿಂದ ಒರೆಸಿ, ಅಂಗೈ ಅಗಲದ ಸುರುಳಿ ಮಾಡಿ, ಸಿಲಿಕಾ ಜೆಲ್ ಪುಡಿಕೆಯೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ. ಕೊಬ್ಬರಿ ಎಣ್ಣೆ ಬೇಡ, ಅದು ಜಿಗುಟಾಗಿ ಧೂಳು ಹಿಡಿಯುತ್ತದೆ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ. ರಬ್ಬರಿನಲ್ಲಿರುವ ಗಂಧಕ ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ. ಹತ್ತಿ ದಾರದಿಂದ ಕಟ್ಟಿ. ಕಣ್ಣು ಕಾಣದ ವಿದ್ಯಾರ್ಥಿಗಳು ಇರುವ ಕಡೆ ಆ ದಾರಕ್ಕೇ ಗುರುತಿನ ಗಂಟು ಹಾಕಬಹುದು: ಜೋಡಿಗೆ ಒಂದು, ಪಂಚಮಕ್ಕೆ ಎರಡು, ಖರ್ಜಕ್ಕೆ ಮೂರು. ಯಾರನ್ನೂ ಕೇಳದೆ ಅವರೇ ಬೇಕಾದ ಸುರುಳಿ ತೆಗೆದುಕೊಳ್ಳುತ್ತಾರೆ.

ಒಂದೇ ಸಲ ಹೆಚ್ಚು ಬೇಕಾದರೆ, ಅಥವಾ ಜವಾರಿಯನ್ನೂ (ಕುದುರೆಯ ಬೆನ್ನು ತೀಡಿ ನಾದ ಅರಳಿಸುವುದು) ತೆಗೆಸುವುದಿದ್ದರೆ, ಮೀರಜಕ್ಕೇ ಹೋಗಿಬರುವುದು ಮೇಲು. ಹುಬ್ಬಳ್ಳಿಯಿಂದ ಧಾರವಾಡ, ಅಳ್ನಾವರ, ಲೋಂಡಾ, ಬೆಳಗಾವಿ, ಘಟಪ್ರಭಾ ಹಾಯ್ದು ರೈಲು ನೇರ ಅಲ್ಲಿಗೇ ಒಯ್ಯುತ್ತದೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು 19ನೇ ಶತಮಾನದಲ್ಲಿ ಅಲ್ಲಿ ತಂತುವಾದ್ಯದ ಕಸುಬು ಹಿಡಿದರು. 2024ರಲ್ಲಿ ಮೀರಜದ ಸಿತಾರ ಮತ್ತು ತಾನಪುರಾಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ ಊರೂ ಅದೇ, 1937ರಲ್ಲಿ ಅವರನ್ನು ಮಣ್ಣು ಮಾಡಿದ್ದೂ ಅಲ್ಲಿಯ ದರ್ಗಾದಲ್ಲಿ. ಅವರ ಶಿಷ್ಯರು ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಮತ್ತು ರೋಣದಲ್ಲಿ ಹುಟ್ಟಿದ ಭೀಮಸೇನರು. ಮನಸೂರರ ಮೊದಲ ಹಿಂದೂಸ್ತಾನಿ ಗುರು ನೀಲಕಂಠಬುವಾ ಅವರೂ ಮೀರಜದವರೇ. ಸಂಗೀತದ ನೆಲೆಯಾದ ಕುಂದಗೋಳದ ನಾಡಿಗೇರ ವಾಡೆಗೆ ಗಾಯನ ಬಂದ ದಾರಿಯಲ್ಲೇ ನಮ್ಮ ತಂಬೂರಿಯೂ ಬಂದಿದೆ, ತಂತಿಯೂ ಬರುತ್ತದೆ. ಹೋಗುವಾಗ ಹಳೆಯ ತಂತಿಯ ಒಂದೊಂದು ತುಂಡು, ನುಡಿಯುವ ಉದ್ದದ ಅಳತೆ, ಪಟ್ಟಿ, ಈ ಮೂರನ್ನೂ ಚೀಟಿಯಲ್ಲಿ ಬರೆದು ಒಯ್ಯಿರಿ. ಜವಾರಿಗೆ ವಾದ್ಯವನ್ನೇ ಒಯ್ಯಬೇಕು. ಬರೀ ಕುದುರೆಯನ್ನು ಕಳಿಸಿದರೆ ತಬಲಿಯ (ಬುರುಡೆ ಮುಚ್ಚುವ ಹಲಗೆ) ಮೇಲೆ ಅದು ಕೂಡುವ ಹದ ಅವರಿಗೆ ತಿಳಿಯುವುದಿಲ್ಲ.

ಈಗ ಕಟ್ಟುವ ಮಾತು. ನಾಲ್ಕೂ ತಂತಿಯನ್ನು ಒಮ್ಮೆಲೇ ಬಿಚ್ಚಬೇಡಿ. ತಂಬೂರಿಯ ಕುದುರೆ ಹೆಚ್ಚಾಗಿ ಅಂಟಿಸಿದ್ದಲ್ಲ, ತಂತಿಯ ಒತ್ತಡದಿಂದ ನಿಂತದ್ದು. ಎಲ್ಲ ಬಿಚ್ಚಿದ ಕೂಡಲೇ ಅದು ಜಾರಿ ಬೀಳುತ್ತದೆ, ಮತ್ತೆ ಅದೇ ಜಾಗ ಸಿಗುವುದಿಲ್ಲ. ಮೊದಲು ಪೆನ್ಸಿಲಿನಿಂದ ಕುದುರೆಯ ಕಾಲುಗಳ ಸುತ್ತ ಗೆರೆ ಎಳೆಯಿರಿ. ಒಂದು ತಂತಿ ಇಳಿಸಿ, ಹೊಸದು ಏರಿಸಿ, ನಂತರ ಮುಂದಿನದು.

ಎರಡು ಮೀಟರ್ ಕತ್ತರಿಸಿಕೊಳ್ಳಿ. ತುದಿಯನ್ನು ಮಡಚಿ ಮೊಳೆಯೊಂದರ ಸುತ್ತ ಹಾಕಿ ಐದಾರು ಸುತ್ತು ಹೊಸೆದು ಕಣ್ಣಿ ಮಾಡಿ. ಎರಡೂ ಎಳೆ ಒಂದನ್ನೊಂದು ಸಮವಾಗಿ ಸುತ್ತಬೇಕು. ಒಂದು ಎಳೆ ನೆಟ್ಟಗಿದ್ದು ಇನ್ನೊಂದೇ ಅದನ್ನು ಸುತ್ತಿದ್ದರೆ ಬಿಗಿ ಬಿದ್ದಾಗ ಕಣ್ಣಿ ಬಿಚ್ಚಿಕೊಳ್ಳುತ್ತದೆ. ಇಕ್ಕಳದ ಹಲ್ಲು ತಂತಿಗೆ ತಾಗದಂತೆ ನಡುವೆ ಬಟ್ಟೆ ಇರಲಿ. ಕಣ್ಣಿಯನ್ನು ಲಂಗೋಟಿಗೆ (ಬುರುಡೆಯ ತಳದ ಕಟ್ಟು) ಸಿಕ್ಕಿಸಿ, ಶ್ರುತಿ ತುಸು ಸರಿಪಡಿಸುವ ಮಣಿ ಪೋಣಿಸಿ, ಕುದುರೆಯ ಮೇಲೆ ಹಾಯಿಸಿ, ಮೇರು ದಾಟಿಸಿ, ಬಿರಡೆಯ ತೂತಿಗೆ ತನ್ನಿ. ಬಿರಡೆಗೆ ನಾಲ್ಕೈದು ಸುತ್ತು ಸಾಕು, ಒಂದರ ಮೇಲೊಂದು ಏರಬಾರದು. ಕೊನೆಯ ಸುತ್ತು ಬಿರಡೆ ಒಳಹೊಕ್ಕ ಗೋಡೆಯ ಕಡೆಗೆ ಬರಲಿ. ಆಗ ತಂತಿಯ ಎಳೆತವೇ ಬಿರಡೆಯನ್ನು ಒಳಗೆ ಎಳೆದು ಹಿಡಿಯುತ್ತದೆ. ಮಣಿ ಅದರ ಓಡಾಟದ ನಟ್ಟನಡುವೆ ಇರಲಿ, ಎರಡೂ ಕಡೆ ಸರಿಸಲು ಜಾಗ ಉಳಿಯಬೇಕು. ಮೊದಲ ದಿನ ಒಂದು ಸ್ವರ ಕೆಳಗೇ ನಿಲ್ಲಿಸಿ, ತಂತಿಯ ನಡುವೆ ಬೆರಳು ಹಾಕಿ ಮೆಲ್ಲಗೆ ಎರಡು ಮೂರು ಸಲ ಎತ್ತಿ, ಮರುದಿನ ಶ್ರುತಿಗೆ ತನ್ನಿ. ಉಕ್ಕು ಎರಡು ದಿನದಲ್ಲಿ ನಿಲ್ಲುತ್ತದೆ, ಹಿತ್ತಾಳೆಗೆ ನಾಲ್ಕು ದಿನ ಕೊಡಿ.

ಹೊಸ ತಂತಿ ಬಂದ ಮೇಲೆ ಜವಾರಿ ಕೇಳಿ ನೋಡಬೇಕು. ನಮ್ಮ ಕಡೆ ಜವಾರಿ ಅಂದರೆ ಊರಿನದು, ನಾಟಿ. ತಂಬೂರಿಯ ಜವಾರಿ ಬೇರೆ: ಕುದುರೆಯ ಬೆನ್ನಿನ ನಯವಾದ ಇಳಿಜಾರಿಗೆ ತಂತಿ ಒರೆಸಿಕೊಂಡು ಹುಟ್ಟಿಸುವ ಝೇಂಕಾರ. ತಂತಿ ಮತ್ತು ಕುದುರೆಯ ನಡುವೆ ಹತ್ತಿಯ ಅಥವಾ ರೇಷ್ಮೆಯ ದಾರ ಇಟ್ಟು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ನಾದ ಅರಳುವ ಒಂದು ಜಾಗ ಸಿಗುತ್ತದೆ. ಹಳೆಯ ದಾರ ಬೇಡ, ಅದರಲ್ಲಿ ಹಳೆಯ ತಂತಿಯ ಗುರುತು ಕೂತಿರುತ್ತದೆ. ಎಷ್ಟು ಸರಿಸಿದರೂ ನಾದ ಅರಳದೆ ಖರಖರ ಎಂದರೆ ಕುದುರೆಯಲ್ಲಿ ಹಳೆಯ ತಂತಿ ಕೊರೆದ ಗೀರು ಇದೆ ಎಂದು ಅರ್ಥ. 0.30 ಕೊರೆದ ಗೀರಿನಲ್ಲಿ 0.32 ಪೂರ್ತಿ ಕೂಡುವುದಿಲ್ಲ. ಪ್ರತಿ ಸಲ ಅದೇ ದಪ್ಪದ ತಂತಿ ಹಾಕಬೇಕು ಎನ್ನುವುದು ಇದಕ್ಕೇ. ಗೀರು ಆಳವಾಗಿದ್ದರೆ ಅರದಿಂದ ನೀವೇ ತೀಡಲು ಹೋಗಬೇಡಿ. ಹೆಚ್ಚು ತೀಡಿದರೆ ಕುದುರೆಯನ್ನೇ ಬದಲಿಸಬೇಕಾಗುತ್ತದೆ.

ತಂತಿ ಎಲ್ಲಿ ಕಡಿಯಿತು ಎಂಬುದನ್ನು ನೋಡದೆ ಎಸೆಯಬೇಡಿ. ಆ ಜಾಗವೇ ಕಾರಣ ಹೇಳುತ್ತದೆ. ಬಿರಡೆಯ ತೂತಿನಲ್ಲಿ ಕಡಿದಿದ್ದರೆ ತೂತಿನ ಅಂಚು ಚೂಪಾಗಿದೆ. ಸಣ್ಣ ಮರಳು ಕಾಗದವನ್ನು ಸುರುಳಿ ಮಾಡಿ ಒಳಗೆ ಎರಡು ಸಲ ಆಡಿಸಿ. ಮೇರುವಿನ ಬಳಿ ಕಡಿದಿದ್ದರೆ ಗೀರು ಇಕ್ಕಟ್ಟಾಗಿ ತಂತಿ ಸಿಕ್ಕಿಕೊಳ್ಳುತ್ತಿದೆ. ಏರಿಸುವಾಗ ಟಿಕ್ ಟಿಕ್ ಎಂದು ಜಿಗಿಯುವ ಸದ್ದು ಬಂದಿರುತ್ತದೆ. ಪೆನ್ಸಿಲಿನ ಸೀಸವನ್ನು ಗೀರಿಗೆ ತಿಕ್ಕಿ. ಕುದುರೆಯ ಮುಂದಿನ ಅಂಚಿನಲ್ಲಾದರೆ ಜವಾರಿ ಹಳತಾಗಿದೆ. ಕಣ್ಣಿಯಲ್ಲಾದರೆ ಹೊಸೆತ ಅತಿಯಾಯಿತು, ಇಲ್ಲವೇ ಇಕ್ಕಳದ ಹಲ್ಲು ತಾಗಿತ್ತು. ಇದು ಯಾವುದೂ ಅಲ್ಲದೆ ನಟ್ಟನಡುವೆ ಕಡಿದಿದ್ದರೆ ಅದು ತುಕ್ಕು. ಆ ಸುರುಳಿಯಿಂದ ಕಟ್ಟಿದ ಉಳಿದ ತಂತಿಗಳನ್ನೂ ಅನುಮಾನದಿಂದಲೇ ನೋಡಬೇಕು.

ಮಳೆಗಾಲದಲ್ಲಿ ಕಟ್ಟಿಗೆ ನೀರು ಕುಡಿದು ಉಬ್ಬುವುದರಿಂದ ಬಿರಡೆ ಕಚ್ಚಿಕೊಳ್ಳುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇದು ಹೆಚ್ಚು, ಗದಗಿನ ಕಡೆ ಕಡಿಮೆ. ಒತ್ತಾಯದಿಂದ ತಿರುವಿದರೆ ಬಿರಡೆಯ ಕುತ್ತಿಗೆ ಮುರಿಯುತ್ತದೆ. ಒಳಗಿನಿಂದ ಹೊರಕ್ಕೆ ಮೆಲ್ಲಗೆ ತಟ್ಟಿ ಸಡಿಲಿಸಿ, ಒಣ ಸಾಬೂನು ತೆಳ್ಳಗೆ ಒರೆಸಿ. ಫೆಬ್ರವರಿ, ಮಾರ್ಚಿನ ಒಣ ಗಾಳಿಯಲ್ಲಿ ಇದೇ ಬಿರಡೆ ನಿಲ್ಲದೆ ಜಾರುತ್ತದೆ. ಆಗ ಸಾಬೂನು ಒರೆಸಿ ತೆಗೆದು ಸೀಮೆಸುಣ್ಣ ಹಚ್ಚಿ.

ಸಭಾಂಗಣದಲ್ಲಿ ದೀಪದ ಕಾವಿಗೆ ಮೊದಲು ಇಳಿಯುವುದು ಖರ್ಜ. ಹತ್ತು ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಉಕ್ಕು ಹಿಗ್ಗುವುದು ಸುಮಾರು 0.12 ಮಿ.ಮೀ., ಹಿತ್ತಾಳೆ 0.19. ಅದರ ಮೇಲೆ ದಪ್ಪ ಖರ್ಜ ಮೊದಲೇ ಕಡಿಮೆ ಹಿಗ್ಗಿ ನಿಂತದ್ದು. ಅಷ್ಟು ಸಡಿಲವಾದರೂ ಅದರ ಸ್ವರ ಜೋಡಿಗಿಂತ ಹೆಚ್ಚು ಇಳಿಯುತ್ತದೆ. ತಂಬೂರಿಗಳನ್ನು ಅರ್ಧ ಗಂಟೆ ಮೊದಲೇ ವೇದಿಕೆಗೆ ತಂದು, ದೀಪ ಹಾಕಿಸಿ, ಆ ಕಾವಿನಲ್ಲೇ ಶ್ರುತಿ ಮಾಡಿ. ಜೋಡಿ ಮೊದಲು, ನಂತರ ಖರ್ಜ, ಕೊನೆಗೆ ಪಂಚಮ, ಮತ್ತೊಮ್ಮೆ ಜೋಡಿ. ಎಲೆಕ್ಟ್ರಾನಿಕ್ ತಂಬೂರಿ ಅಭ್ಯಾಸಕ್ಕೆ ಒಳ್ಳೆಯ ಸಂಗಾತಿ. ಪುಣ್ಯತಿಥಿಯ ವೇದಿಕೆಯಲ್ಲಿ ಮಾತ್ರ ನಿಜವಾದ ತಂತಿಯೇ ನುಡಿಯಬೇಕು.

ಧಾರವಾಡ ಸಿತಾರದ ಊರೂ ಹೌದು. ಉಸ್ತಾದ್ ರಹಿಮತ್ ಖಾನರ ಮನೆತನ ಇಲ್ಲಿಯದು, ಅವರ ಮೊಮ್ಮಗ ಬಾಲೇಖಾನ್ 2007ರ ಡಿಸೆಂಬರದಲ್ಲಿ ಹೋದರು. ಸಿತಾರದ ಬಾಜ್ ತಾರ (ರಾಗ ನುಡಿಸುವ ಮುಖ್ಯ ತಂತಿ) 0.30 ಉಕ್ಕು, ಜೋಡಿ 0.40 ಕಂಚು, ಮಂದ್ರ ಪಂಚಮ 0.55, ಖರ್ಜ 0.80, ಚಿಕಾರಿ (ಲಯಕ್ಕೆ ಮೀಟುವ ತಂತಿ) 0.25 ಮತ್ತು 0.23, ತರಬ್ (ಕೆಳಗೆ ತಾನಾಗಿ ಮಾರ್ದನಿಸುವ ತಂತಿ) ಎಲ್ಲ 0.23. ಪಾಕೀಟು ಕೊಳ್ಳುವ ಮೊದಲು ನಿಮ್ಮದು ಖರ್ಜ ಪಂಚಮದ ಸಿತಾರವೋ ಗಾಂಧಾರ ಪಂಚಮದ್ದೋ ಹೇಳಿ, ಎರಡನೆಯದರಲ್ಲಿ 0.80ರ ತಂತಿಯೇ ಇಲ್ಲ. ತರಬಿಗೆ 25 ಗ್ರಾಮಿನ ಸುರುಳಿ ತಂದರೆ ಎಪ್ಪತ್ತು ಮೀಟರಿಗಿಂತ ಹೆಚ್ಚು ಬರುತ್ತದೆ, ಹಲವು ವರ್ಷಕ್ಕೆ ಸಾಕು. ಪಿಟೀಲಿಗೆ ಪಾಕೀಟೇ ಸರಿ. ಅದರ ಅಳತೆ ಪೂರ್ತಿಯೋ ಮುಕ್ಕಾಲೋ, ತುದಿ ಗುಂಡಿನದೋ ಕಣ್ಣಿಯದೋ, ಇವೆರಡನ್ನು ನೋಡಿ ಕೊಂಡರಾಯಿತು. ಭಜನಾ ಮೇಳದ ಏಕತಾರಿಗೆ 0.35ರ ಉಕ್ಕು ನಡೆಯುತ್ತದೆ.

ಕಾರ್ಯಕ್ರಮ ಮುಗಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒಂದೊಂದು ತಂತಿಯನ್ನೂ ಹಿಡಿದು ಮೇಲಿಂದ ಕೆಳಗೆ ಒರೆಸಿ, ಬೆರಳಿನ ಬೆವರು ರಾತ್ರಿಯಿಡೀ ಅದರ ಮೇಲೆ ಉಳಿಯಬಾರದು. ಬಸ್ಸಿನಲ್ಲೋ ಟೆಂಪೋದಲ್ಲೋ ಒಯ್ಯುವುದಿದ್ದರೆ ಎರಡು ಸ್ವರ ಇಳಿಸಿ, ಪೂರ್ತಿ ಸಡಿಲಿಸಬೇಡಿ, ಕುದುರೆ ಬಿದ್ದೀತು. ಗವಸಿನ ಜೇಬಿನಲ್ಲಿ ಜೋಡಿಯ ನಾಲ್ಕು, ಪಂಚಮದ ಎರಡು, ಖರ್ಜದ ಒಂದು ತಂತಿ, ಹೊಸ ದಾರ, ಸೀಮೆಸುಣ್ಣದ ತುಂಡು, ಪೆನ್ಸಿಲು ಇರಲಿ. ಜೊತೆಗೊಂದು ಚೀಟಿ: ಯಾವ ತಾರೀಖಿಗೆ ಯಾವ ದಪ್ಪದ ತಂತಿ ಕಟ್ಟಿದ್ದು, ಯಾವ ಪಟ್ಟಿಗೆ.